ಕಾಲೇಜಿಗೆ ಮೊದಲು ಅರ್ಹತೆ ನೋಡಿ

ಪಟ್ಟಂ ಇರಲಿ, ಕೊಚ್ಚಿ ಇರಲಿ, ಮಗು ಹನ್ನೊಂದನೆಯ ತರಗತಿಗೆ ಬಂದೊಡನೆ ಕನ್ನಡ ಮನೆಗಳಲ್ಲಿ ಚರ್ಚೆ ಶುರು: ಎಂಜಿನಿಯರಿಂಗ್ ಇಲ್ಲೇ ಓದಿಸುವುದೋ, ಊರಿಗೆ ಕಳಿಸುವುದೋ? ಕಾಲೇಜಿನ ಹೆಸರು ಆಮೇಲೆ. ಮೊದಲು ಅರ್ಹತೆ ನೋಡಬೇಕು.

‘ಸಿಇಟಿ’ ನಮಗೆ ಪರೀಕ್ಷೆ. ತಿರುವನಂತಪುರದವರಿಗೆ 1939ರಲ್ಲಿ ಆರಂಭವಾದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು. ಅಲ್ಲಿಗೆ ದಾರಿ ‘ಕೀಮ್’ ಪರೀಕ್ಷೆ. ಕರ್ನಾಟಕದ ಸರ್ಕಾರಿ ಸೀಟಿಗಾದರೆ, ಸಾಮಾನ್ಯವಾಗಿ ಮಗು ಅಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ಹೊರಗೇ ಓದಿದವರಿಗೆ ‘ಹೊರನಾಡು ಕನ್ನಡಿಗ’, ಕಾಸರಗೋಡಿನಂಥ ಕಡೆಯವರಿಗೆ ‘ಗಡಿನಾಡು ಕನ್ನಡಿಗ’ ಎಂಬ ಬಾಗಿಲುಗಳಿವೆ. ಆದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ 50 ಅಂಕಗಳ ಕನ್ನಡ ಪರೀಕ್ಷೆಯಲ್ಲಿ ಕನಿಷ್ಠ 12 ಅಂಕ ಬರಬೇಕು. ಮನೆಯಲ್ಲಿ ಅರಳು ಹುರಿದಂತೆ ಕನ್ನಡ ಮಾತಾಡುವ ನಮ್ಮ ಎಷ್ಟೋ ಮಕ್ಕಳಿಗೆ ಬರೆಯಲು ಬಾರದು. ಕಷ್ಟ ಇರುವುದು ಇಲ್ಲೇ. ದಿನಕ್ಕೆ ಅರ್ಧ ಗಂಟೆ ಪತ್ರಿಕೆ ಓದಿಸಿ, ಒಂದು ಪುಟ ಬರೆಸಿ. ಪರೀಕ್ಷೆಯ ಹಿಂದಿನ ವಾರ ಕೂತರೆ ಆಗದು. ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಷರತ್ತು, ದಾಖಲೆಗಳನ್ನು ಈಗಲೇ ನೋಡಿಕೊಳ್ಳಿ.

ಇನ್ನು ಕಾಲೇಜು. ನ್ಯಾಕ್ ಶ್ರೇಣಿ ಇಡೀ ಸಂಸ್ಥೆಗೆ. ಎನ್‌ಬಿಎ ಮಾನ್ಯತೆ ಆಯಾ ಕೋರ್ಸಿಗೆ. ನಿಮ್ಮ ಮಗು ಸೇರುವ ಕೋರ್ಸಿಗೆ ಅದು ಇದೆಯೇ ಎಂದು ಕೇಳಿ. ಜಾಹೀರಾತಿನ ಗರಿಷ್ಠ ಸಂಬಳ ಒಬ್ಬ ವಿದ್ಯಾರ್ಥಿಯದು. ತರಗತಿಯ ನಡುವಿನವರಿಗೆ ಎಷ್ಟು ಸಿಕ್ಕಿತು, ಎಷ್ಟು ಮಂದಿಗೆ ಕೆಲಸವೇ ಸಿಗಲಿಲ್ಲ ಎಂಬುದನ್ನು ವಿಚಾರಿಸಿ. ಹಿಂದಿನ ವರ್ಷದ ಕಟ್‌ಆಫ್ ರ‍್ಯಾಂಕ್ ಪಕ್ಕದಲ್ಲಿಟ್ಟುಕೊಂಡೇ ಆಯ್ಕೆಪಟ್ಟಿ ಮಾಡಿ.

ಪಟ್ಟಿ ಮಾಡುವಾಗ ಮಗುವನ್ನೂ ಜೊತೆಗೆ ಕೂರಿಸಿಕೊಳ್ಳಿ. ನಾಲ್ಕು ವರ್ಷ ಓದಬೇಕಾದದ್ದು ಅದು, ನಾವಲ್ಲ.