ಹೊಸ್ತಿಲು ಗಟ್ಟಿಯಿರಲಿ

ಹಾಸನದ ಕಡೆಯ ಗೃಹಿಣಿಯೊಬ್ಬರು, ನಮ್ಮ ಪತ್ರಿಕೆಯ ಬಹುಕಾಲದ ಓದುಗರು, ಕಳೆದ ತಿಂಗಳು ನಮಗೊಂದು ಕಾಗದವನ್ನು ಬರೆದಿರುವರು. ಅವರ ಮಗನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಉದ್ಯೋಗದಲ್ಲಿರುವನು. ಹೆಂಡತಿ, ನಾಲ್ಕು ವರ್ಷದ ಮಗು, ಸ್ವಂತ ಮನೆ, ಎಲ್ಲವೂ ಉಂಟು. ಹೀಗಿರಲು ಆತನು 1972ರಲ್ಲಿ ತಯಾರಾದ ಎಂ.ಜಿ.ಬಿ. ಎಂಬ, ಇಬ್ಬರು ಕುಳಿತುಕೊಳ್ಳುವ ಸ್ಪೋರ್ಟ್ಸ್ ಕಾರೊಂದನ್ನು, ಅದೂ ಓಡದೆ ನಿಂತುಹೋಗಿದ್ದುದನ್ನು, ಕೊಂಡು ತಂದು ಮನೆಯ ಗ್ಯಾರೇಜಿನಲ್ಲಿ ಬಿಚ್ಚಿ ಹರಡಿಕೊಂಡಿದ್ದಾನಂತೆ. ಎರಡು ವರ್ಷದಿಂದ ಆ ಮನೆಯಲ್ಲಿ ಭಾನುವಾರವೆಂಬುದೇ ಇಲ್ಲ. "ಫೋನಿನಲ್ಲಿ ಮುಖ ತೋರಿಸೆಂದರೆ ಕಾರಿನ ಕೆಳಗೆ ಮಲಗಿಕೊಂಡೇ ತೋರಿಸುತ್ತಾನೆ. ಸೊಸೆಗೆ ಬೇಸರ, ನನಗೆ ಎದೆಬಡಿತ. ಈ ಹುಚ್ಚನ್ನು ಬಿಟ್ಟುಬಿಡೆಂದು ಹೇಳಲೇ?" ಎಂಬುದು ಆ ತಾಯಿಯ ಪ್ರಶ್ನೆ.

ಬಿಟ್ಟುಬಿಡೆಂದು ಹೇಳಬೇಡಿರಿ ಎಂಬುದೇ ನಮ್ಮ ಉತ್ತರ. ಆದರೆ ಸುಮ್ಮನೆ ಇರಲೂ ಬೇಡಿರಿ. ಕೇಳತಕ್ಕ ಕೆಲವು ಪ್ರಶ್ನೆಗಳುಂಟು. ಅವನ್ನು ಕೇಳುವುದಕ್ಕೆ ಯಂತ್ರಶಾಸ್ತ್ರವನ್ನು ಓದಿರಬೇಕಾಗಿಲ್ಲ. ಸಂಸಾರವನ್ನು ನಡೆಸಿದವರ ವಿವೇಕವೇ ಸಾಕು. ಇಂಥ ಹವ್ಯಾಸವುಳ್ಳ ಮಕ್ಕಳೂ ಅಳಿಯಂದಿರೂ ಈಗ ನಮ್ಮ ಊರುಗಳಲ್ಲಿಯೂ ಇರುವುದರಿಂದ, ಆ ತಾಯಿಗೆ ಬರೆಯಬೇಕೆಂದಿದ್ದ ಉತ್ತರವನ್ನು ಎಲ್ಲರಿಗೂ ಉಪಯೋಗವಾಗಲೆಂದು ಇಲ್ಲಿಯೇ ಬರೆಯುತ್ತಿದ್ದೇವೆ.

ಮೊದಲು ಆ ಕಾರಿನ ವಿಚಾರ. ಎಂ.ಜಿ.ಬಿ.ಯು ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾಯಿತು. ಅದರ ಬಗೆಗಳೆಲ್ಲವೂ ಕೂಡಿ ಐದು ಲಕ್ಷಕ್ಕೂ ಮೇಲ್ಪಟ್ಟು ಹೊರಬಿದ್ದವು. ನಾಲ್ಕು ಸಿಲಿಂಡರುಗಳ, 1798 ಸಿ.ಸಿ. ಅಳತೆಯ ಇಂಜಿನು, ಮುಚ್ಚಳವನ್ನೆತ್ತಿದರೆ ಒಂದೊಂದು ಭಾಗವೂ ಕಣ್ಣಿಗೆ ಕಾಣುವುದು, ಕೈಗೆ ಎಟುಕುವುದು. ಗಣಕಯಂತ್ರವಿಲ್ಲ, ಗುಟ್ಟೂ ಇಲ್ಲ. ಕಾರ್ಖಾನೆ ಮುಚ್ಚಿಹೋದರೂ ಬಿಡಿಭಾಗಗಳು ಇಂದಿಗೂ ದೊರೆಯುತ್ತವೆ. ಅಷ್ಟೇ ಅಲ್ಲ, ಹಳೆಯ ಅಚ್ಚುಗಳನ್ನೇ ಹುಡುಕಿ ತೆಗೆದು, ಆ ಕಾರಿನ ಇಡೀ ಮೈಯನ್ನೇ ಹೊಸದಾಗಿ ಒತ್ತಿ ಮಾರುವ ಕೆಲಸವು ಇಂಗ್ಲೆಂಡಿನಲ್ಲಿ 1988ರಲ್ಲಿ ಮೊದಲಾಯಿತು. ಆದಕಾರಣ, ಸಾಮಾನ್ಯ ಸಲಕರಣೆಗಳುಳ್ಳ ಗೃಹಸ್ಥನು ತಾಳ್ಮೆಯಿಂದ ಕುಳಿತು ಸರಿಪಡಿಸಬಹುದಾದ ಕಾರುಗಳಲ್ಲಿ ಇದೊಂದು ಎಂಬುದರಲ್ಲಿ ಸಂದೇಹವಿಲ್ಲ. ಮಗನು ಆರಿಸಿದ ಕಾರು ತಪ್ಪಲ್ಲ.

ಇನ್ನು ಪ್ರಶ್ನೆಗಳು. ಮೊದಲನೆಯದು: "ಅಪ್ಪಾ, ಹೊಸ್ತಿಲು ಗಟ್ಟಿಯಿದೆಯೇ?"

ಇದೇನು ಮನೆಯ ಮಾತು ಎಂದು ನಗಬೇಡಿರಿ. ಹಿಂದಿನ ಕಾಲದ ಮೋಟಾರುಗಳಲ್ಲಿ ಕೆಳಗೆ ಉಕ್ಕಿನ ಚೌಕಟ್ಟೊಂದಿದ್ದು, ಅದರ ಮೇಲೆ ಮೈಯನ್ನು ಕೂರಿಸುತ್ತಿದ್ದರು. ಎಂ.ಜಿ.ಬಿ.ಗೆ ಅಂಥ ಪ್ರತ್ಯೇಕ ಚೌಕಟ್ಟಿಲ್ಲ. ತಗಡಿನ ಮೈಯೇ ಚೌಕಟ್ಟು. ತೆರೆದ ಕಾರಾದುದರಿಂದ ಹಿಡಿದುಕೊಳ್ಳಲು ಮೇಲೆ ಮಾಡೂ ಇಲ್ಲ. ಹೀಗಾಗಿ ಕಾರಿನ ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಸೇರಿಸಿ ಹಿಡಿಯುವ ಹೊರೆಯ ದೊಡ್ಡ ಪಾಲು, ಎರಡು ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಟೊಳ್ಳು ತೊಲೆಗಳ ಮೇಲೆ ಬೀಳುವುದು. ಇಂಗ್ಲಿಷರು ಅದನ್ನು ಸಿಲ್ ಎನ್ನುವರು. ನಮ್ಮ ಮಾತಿನಲ್ಲಿ ಹೊಸ್ತಿಲೆಂದೇ ಅರ್ಥ. ಅಲ್ಲಿಯ ಚಳಿಗಾಲದಲ್ಲಿ ರಸ್ತೆಯ ಮಂಜುಗಡ್ಡೆ ಕರಗಲೆಂದು ಉಪ್ಪನ್ನು ಚೆಲ್ಲುವರು. ಆ ಉಪ್ಪುನೀರು ಈ ಟೊಳ್ಳಿನೊಳಕ್ಕೆ ಸೇರಿ, ಹೊರಗಿನ ಬಣ್ಣಕ್ಕೆ ಸ್ವಲ್ಪವೂ ಕುಂದಿಲ್ಲದಂತೆ, ಒಳಗಿನಿಂದ ತಗಡನ್ನು ತಿಂದುಹಾಕುವುದು.

ಮಾರುವವನು ತೂತಿಗೆ ಪುಟ್ಟಿಯನ್ನು ಮೆತ್ತಿ, ಮೇಲೆ ಕೆಂಪು ಬಣ್ಣವನ್ನು ಹೊಡೆದು ನಿಲ್ಲಿಸಿದರೆ ಕೊಳ್ಳುವವನ ಕಣ್ಣು ಬಣ್ಣದ ಮೇಲೆಯೇ ನಿಲ್ಲುವುದು. ಪರೀಕ್ಷೆ ಮಾತ್ರ ಸುಲಭವಾದುದು: ಜಾಕಿಯಿಂದ ಕಾರಿನ ಒಂದು ಪಕ್ಕವನ್ನೆತ್ತಿ ಬಾಗಿಲನ್ನು ತೆರೆದು ಮುಚ್ಚಿ ನೋಡತಕ್ಕದ್ದು. ನೆಲದ ಮೇಲಿದ್ದಾಗ ಸರಾಗವಾಗಿ ಮುಚ್ಚುತ್ತಿದ್ದ ಬಾಗಿಲು ಎತ್ತಿದಾಗ ಬಿಗಿಯಾಗಿ ಕಚ್ಚಿಕೊಂಡರೆ, ಹೊಸ್ತಿಲು ಸತ್ತಿದೆಯೆಂದು ತಿಳಿಯಬೇಕು. ಕೊಳೆತ ತಗಡನ್ನು ಕೊಯ್ದು ತೆಗೆಯುವ ಮುಂಚೆ ಬಾಗಿಲಿನ ಜಾಗಕ್ಕೆ ಅಡ್ಡಪಟ್ಟಿಗಳನ್ನು ಬಿಗಿದು, ಕೆಳಗಿನಿಂದ ಆಸರೆ ಕೊಟ್ಟಿರಬೇಕು. ಇಲ್ಲವಾದರೆ ಕಾರು ನಡುವಿನಲ್ಲಿ ಬಾಗಿಹೋಗಿ, ಮುಂದೆಂದೂ ಬಾಗಿಲು ಕೂರುವುದಿಲ್ಲ. ಒಳಪದರ, ನಡುಪದರ, ಹೊರಪದರ ಎಂದು ಹೊಸ್ತಿಲಿಗೆ ಮೂರು ಪದರಗಳುಂಟು. ಹೊರಪದರವೊಂದನ್ನೇ ಹೊಸದಾಗಿ ಹೊದಿಸಿ ಕೈ ತೊಳೆದುಕೊಂಡರೆ ಅದು ರಿಪೇರಿಯಲ್ಲ, ಮುಸುಕು. ನಮ್ಮೂರಿನವರು ಟಿಂಕರಿಂಗ್ ಎಂದು ಕರೆಯುವ ಈ ತಗಡಿನ ಕೆಲಸವು ಕೈಗೆ ಬಾರದಿದ್ದರೆ ಕುಶಲಿಯಾದ ಬೆಸುಗೆಗಾರನಿಗೆ ಒಪ್ಪಿಸುವುದರಲ್ಲಿ ಯಾವ ಅವಮಾನವೂ ಇಲ್ಲ. ಇಂಜಿನು ಕೆಟ್ಟರೆ ಕಾರು ದಾರಿಯಲ್ಲಿ ನಿಲ್ಲುವುದು. ಹೊಸ್ತಿಲು ಕೆಟ್ಟಿದ್ದರೆ ಅಪಘಾತದಲ್ಲಿ ಒಳಗಿರುವವರಿಗೆ ರಕ್ಷಣೆಯಿಲ್ಲ.

ಎರಡನೆಯ ಪ್ರಶ್ನೆ, ಆ ತಾಯಿಯ ಎದೆಬಡಿತಕ್ಕೆ ನೇರವಾಗಿ ಸಂಬಂಧಿಸಿದುದು: "ನೀನು ಕೆಳಗೆ ಮಲಗಿರುವಾಗ ಕಾರನ್ನು ಹಿಡಿದಿರುವುದು ಯಾವುದು?"

"ಜಾಕಿ" ಎಂದು ಆತನು ಉತ್ತರ ಕೊಟ್ಟರೆ, ಅಲ್ಲಿಗೇ ಫೋನನ್ನು ಇಡದೆ, ಎದ್ದು ಹೊರಗೆ ಬರುವಂತೆ ಹೇಳಿರಿ. ಜಾಕಿ ಇರುವುದು ಎತ್ತುವುದಕ್ಕೆ, ಹಿಡಿಯುವುದಕ್ಕಲ್ಲ. ಎಣ್ಣೆಯ ಒತ್ತಡದಿಂದ ಕೆಲಸಮಾಡುವ ಜಾಕಿಯ ಒಳಗಿನ ರಬ್ಬರಿನ ಬಿಲ್ಲೆಯೊಂದು ಹರಿದರೆ ಸಾಕು, ಸುಮಾರು ಒಂಬೈನೂರು ಕಿಲೋ ತೂಕದ ಕಾರು ಕಣ್ಣು ಮಿಟುಕಿಸುವುದರೊಳಗೆ ಇಳಿಯುವುದು. ಗಟ್ಟಿಯಾದ ಸಮನೆಲದ ಮೇಲೆ, ತುಕ್ಕು ಹಿಡಿಯದ ಜಾಗಗಳನ್ನು ನೋಡಿ ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಟ್ಟು, ಕಾರನ್ನು ಅವುಗಳ ಮೇಲೆ ಇಳಿಸಿ, ಕೈಯಿಂದ ಅಲುಗಾಡಿಸಿ ನೋಡಿದ ಮೇಲೆಯೇ ಕೆಳಗೆ ಹೋಗತಕ್ಕದ್ದು. ಇಟ್ಟಿಗೆಯ ಮೇಲೆ ಎಂದಿಗೂ ನಿಲ್ಲಿಸಕೂಡದು. ಅದು ಮುನ್ಸೂಚನೆಯಿಲ್ಲದೆ ಒಡೆಯುವುದು. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಕೆಳಗೆ ಮಲಗುವ ಕೆಲಸವನ್ನು ಇಟ್ಟುಕೊಳ್ಳಕೂಡದು.

ಮಗುವಿರುವ ಮನೆಯಾದುದರಿಂದ ಇನ್ನೂ ಕೆಲವು ಮಾತುಗಳನ್ನು ಸೇರಿಸಬೇಕಾಗಿದೆ. ಆ ಕಾಲದ ಬ್ರೇಕು ಹಾಗೂ ಕ್ಲಚ್ಚುಗಳ ಒಳಪಟ್ಟಿಗಳಲ್ಲಿ ಕಲ್ನಾರು ಇರುತ್ತಿದ್ದಿತು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಆ ಧೂಳನ್ನು ಊದುವುದಾಗಲಿ, ಒಣಗಿದ ಕುಂಚದಿಂದ ಗುಡಿಸುವುದಾಗಲಿ ಕೂಡದು. ಒದ್ದೆಮಾಡಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ತೆಗೆದುಹಾಕಬೇಕು. ಗ್ಯಾರೇಜಿನ ಉಡುಪನ್ನು ಅಲ್ಲಿಯೇ ಬಿಚ್ಚಿಟ್ಟು ಒಳಗೆ ಬರಬೇಕೇ ಹೊರತು, ಅದೇ ಉಡುಪಿನಲ್ಲಿ ಮಗುವನ್ನು ಎತ್ತಿಕೊಳ್ಳಬಾರದು. ಇಂಜಿನನ್ನು ತಂಪಾಗಿಡುವ ನೀರಿಗೆ ಬೆರೆಸುವ ಹಿಮನಿರೋಧಕ ದ್ರವವು ನಾಲಗೆಗೆ ಸಿಹಿ, ಆದರೆ ಪ್ರಾಣಕ್ಕೆ ಅಪಾಯಕರ. ಅದನ್ನು ಬಟ್ಟಲಲ್ಲಿ ಹಿಡಿದು ನೆಲದ ಮೇಲೆ ಬಿಟ್ಟು ಹೋಗಬಾರದು. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನನ್ನು ನಡೆಸಿದರೆ ವಾಸನೆಯೇ ಇಲ್ಲದ ವಿಷದ ಗಾಳಿ ತುಂಬುವುದು. ಪೆಟ್ರೋಲಿನ ತೊಟ್ಟಿ ಕಾರಿನಲ್ಲಿರುವಾಗ ಹಿಂಭಾಗದಲ್ಲಿ ಬೆಸುಗೆಯ ಕಿಡಿಯನ್ನು ಹಾರಿಸುವುದಂತೂ ಸಾವನ್ನು ಕೈಬೀಸಿ ಕರೆದಂತೆಯೇ.

ಮೂರನೆಯ ಪ್ರಶ್ನೆ: "ಓಡಿಸುವುದನ್ನು ಮೊದಲು ಮಾಡಿದೆಯೋ, ನಿಲ್ಲಿಸುವುದನ್ನು ಮೊದಲು ಮಾಡಿದೆಯೋ?"

ಹಳೆಯ ಕಾರನ್ನು ಬಿಚ್ಚಿದವನಿಗೆ, ಇದ್ದಂತೆಯೇ ಜೋಡಿಸುವುದಕ್ಕಿಂತ ಇನ್ನಷ್ಟು ಉತ್ತಮಗೊಳಿಸಬೇಕೆಂಬ ಆಸೆ ಹುಟ್ಟುವುದು ಸಹಜವೇ. ಈ ಇಂಜಿನು ಹೊಸತಾಗಿದ್ದಾಗ ಸುಮಾರು 95 ಅಶ್ವಶಕ್ತಿಯದು. ತಯಾರಕರೇ 1973ರಿಂದ 1976ರವರೆಗೆ ಇದೇ ಜಾತಿಯ ಮಾಡುಳ್ಳ ಕಾರಿಗೆ ಎಂಟು ಸಿಲಿಂಡರುಗಳ, ಮೂರೂವರೆ ಲೀಟರಿನ ಇಂಜಿನನ್ನು ಕೂರಿಸಿ ಮಾರಿದ್ದರು. ಹೀಗಾಗಿ ಹವ್ಯಾಸಿಗಳ ಮನಸ್ಸು ಮೊದಲು ಶಕ್ತಿಯ ಕಡೆಗೆ ಓಡುವುದು. ನಮ್ಮ ಅಭಿಪ್ರಾಯದಲ್ಲಿ ಕ್ರಮವು ಇದಕ್ಕೆ ವಿರುದ್ಧವಾಗಿರಬೇಕು. ನಿಂತುಹೋದ ಕಾರು ಸವೆದಿಲ್ಲವೆಂದು ಕಂಡರೂ ಅದರ ರಬ್ಬರಿಗೆಲ್ಲ ಮುಪ್ಪು ಬಂದಿರುತ್ತದೆ. ಬ್ರೇಕಿನ ನಳಿಗೆಗಳು, ಒಳಗಿನ ಬಿಲ್ಲೆಗಳು, ಗೆರೆಗಳು ಅಳಿಸದೆ ಹೊಸತರಂತೆ ಕಾಣುವ ಟೈರುಗಳು, ಎಲ್ಲವನ್ನೂ ಬದಲಾಯಿಸಬೇಕು. ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರಿಕೊಳ್ಳುವ ಪದಾರ್ಥವಾದುದರಿಂದ ಎರಡು ವರ್ಷಕ್ಕೊಮ್ಮೆ ಹೊಸದಾಗಬೇಕು. ಆಮೇಲೆ ಚಕ್ರಗಳ ಕುಲುಕಾಟವನ್ನು ತಡೆಯುವ ಡ್ಯಾಂಪರುಗಳು. ಈ ಕಾರಿನ ಹಳೆಯ ಸನ್ನೆಕೋಲಿನ ಮಾದರಿಯವನ್ನು ತೆಗೆದು, ಕೊಳವೆಯ ಮಾದರಿಯವನ್ನು ಹಾಕುವವರು ಅನೇಕರು. ಇಂಜಿನಿನ ಸರದಿ ಬರುವುದು ಇವೆಲ್ಲವೂ ಆದ ಮೇಲೆ.

ಇಂಜಿನಿನಲ್ಲಿಯೂ ವೇಗಕ್ಕಿಂತ ಮುಖ್ಯವಾದ ಸುಧಾರಣೆಗಳುಂಟು. ಈ ಕಾರು ಹುಟ್ಟಿದಾಗ ಪೆಟ್ರೋಲಿನಲ್ಲಿ ಸೀಸವಿದ್ದು, ಅದೇ ಕವಾಟಗಳ ಪೀಠವನ್ನು ಸವೆಯದಂತೆ ಕಾಪಾಡುತ್ತಿದ್ದಿತು. ಬ್ರಿಟನ್ನಿನಲ್ಲಿಯೂ ಭಾರತದಲ್ಲಿಯೂ 2000ದ ಇಸವಿಯಿಂದೀಚೆಗೆ ಸೀಸದ ಪೆಟ್ರೋಲು ಇಲ್ಲ. ಆದಕಾರಣ ಇಂಜಿನಿನ ತಲೆಯನ್ನು ಬಿಚ್ಚಿದಾಗಲೇ ಗಟ್ಟಿಲೋಹದ ಪೀಠಗಳನ್ನು ಕೂರಿಸಿಬಿಡುವುದು ಜಾಣತನ. ಬ್ರಿಟನ್ನಿನಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲಿಗೆ ನೂರಕ್ಕೆ ಹತ್ತರವರೆಗೂ, ಭಾರತದಲ್ಲಿ 2023ರಿಂದ ಇಪ್ಪತ್ತರವರೆಗೂ ಎಥೆನಾಲು ಬೆರೆಯುತ್ತಿರುವುದು. ಅದು ಹಳೆಯ ರಬ್ಬರಿನ ಕೊಳವೆಗಳನ್ನು ಕೆಡಿಸಿ, ಬಿಸಿ ಇಂಜಿನಿನ ಮೇಲೆ ಪೆಟ್ರೋಲು ತೊಟ್ಟಿಕ್ಕುವಂತೆ ಮಾಡಬಲ್ಲುದು. ಅದನ್ನು ತಾಳುವ ಹೊಸ ಕೊಳವೆಗಳಿಗೆ ತಗಲುವ ಹಣ ಅಲ್ಪ, ತಪ್ಪುವ ಅನಾಹುತ ದೊಡ್ಡದು. ನಮ್ಮಲ್ಲಿ ಹಳೆಯ ಫಿಯಟ್ಟನ್ನೋ ಅಂಬಾಸಿಡರನ್ನೋ ಪ್ರೀತಿಯಿಂದ ಇಟ್ಟುಕೊಂಡಿರುವವರಿಗೂ ಈ ಮಾತು ಅನ್ವಯಿಸುವುದು.

ಸರ್ಕಾರದವರು ಪರೀಕ್ಷೆ ಮಾಡುವುದಿಲ್ಲವೇ ಎಂದು ಕೇಳುವಿರಿ. ಬ್ರಿಟನ್ನಿನಲ್ಲಿ ಮೇ 2018ರಿಂದ, ನಲವತ್ತು ವರ್ಷ ದಾಟಿದ, ಮೂಲರೂಪವು ಬಹುವಾಗಿ ಬದಲಾಗದ ಕಾರುಗಳಿಗೆ ವರ್ಷಂಪ್ರತಿಯ ಪರೀಕ್ಷೆಯಿಂದ ವಿನಾಯಿತಿ ದೊರೆತಿದೆ. ಕಾರು ಸುಸ್ಥಿತಿಯಲ್ಲಿರಬೇಕಾದ ಹೊಣೆ ಮಾತ್ರ ಒಡೆಯನ ತಲೆಯ ಮೇಲೆಯೇ ಇರುವುದು. ಪರೀಕ್ಷಕನ ಕಣ್ಣು ತಪ್ಪಿದ ಮಾತ್ರಕ್ಕೆ ತುಕ್ಕಿಗೆ ವಿನಾಯಿತಿ ಸಿಕ್ಕುವುದಿಲ್ಲ. ಕಡ್ಡಾಯವಿಲ್ಲದಿದ್ದರೂ ವರ್ಷಕ್ಕೊಮ್ಮೆ ತಾನಾಗಿಯೇ ಪರೀಕ್ಷೆಗೆ ಒಯ್ಯುವೆನೆಂದು ಮಗನಿಂದ ಮಾತು ತೆಗೆದುಕೊಳ್ಳಿರಿ.

ಕಡೆಯ ಪ್ರಶ್ನೆ: "ಲೆಕ್ಕದ ಪುಸ್ತಕವೆಲ್ಲಿ?"

ನಾವು ಹುಡುಗರಾಗಿದ್ದಾಗ, ತಂದೆಯವರು ಊರಿಗೆ ಹೋಗಿದ್ದ ಸಮಯವನ್ನು ನೋಡಿ, ಮನೆಯ ಗೋಡೆಗಡಿಯಾರವನ್ನು ಬಿಚ್ಚಿದೆವು. ಬಿಚ್ಚುವುದಕ್ಕೆ ಅರ್ಧ ಗಂಟೆ ಸಾಕಾಯಿತು. ಜೋಡಿಸುವ ಕೆಲಸ ಇಂದಿಗೂ ಆಗಿಲ್ಲ. ಅದರ ಹಲ್ಲುಚಕ್ರಗಳು ಬಿಸ್ಕತ್ತಿನ ಡಬ್ಬವೊಂದರಲ್ಲಿ ನಮ್ಮೊಡನೆಯೇ ಮೂರು ಮನೆಗಳನ್ನು ಬದಲಾಯಿಸಿವೆ. ಹಳೆಯ ಕಾರುಗಳ ಗತಿಯೂ ಬಹುಮಟ್ಟಿಗೆ ಇದೇ. ಒಂದೊಂದು ಭಾಗದ ಬೋಲ್ಟು ನಟ್ಟುಗಳನ್ನು ಬೇರೆಬೇರೆ ಚೀಲಗಳಲ್ಲಿ ಹಾಕಿ, ಹೆಸರು ಬರೆದು, ಬಿಚ್ಚುವ ಮುಂಚೆ ಚಿತ್ರ ತೆಗೆದಿಟ್ಟುಕೊಂಡವನು ಮಾತ್ರ ಮರಳಿ ಜೋಡಿಸುವನು. ಹಣಕ್ಕೂ ಒಂದು ಪುಸ್ತಕವಿರಲಿ, ಅದು ಹೆಂಡತಿಯ ಕಣ್ಣೆದುರಿನಲ್ಲಿರಲಿ. ಇಂಥ ಕಾರಿಗೆ ಹಾಕಿದ ಹಣವು ಮಾರಿದಾಗ ಪೂರ್ತಿ ಹಿಂದಿರುಗುವುದು ಅಪರೂಪ. ಇದು ಖರ್ಚೇ ಹೊರತು ಗಳಿಕೆಯಲ್ಲವೆಂದು ಮೊದಲೇ ಒಪ್ಪಿಕೊಂಡರೆ ಮನೆಯಲ್ಲಿ ಅರ್ಧ ಜಗಳ ಕಡಿಮೆಯಾಗುವುದು. ಇನ್ನರ್ಧವು ಕಡಿಮೆಯಾಗಬೇಕಾದರೆ, ಎರಡು ಭಾನುವಾರಗಳಲ್ಲಿ ಒಂದನ್ನು ಹೆಂಡತಿ ಮಕ್ಕಳಿಗೆ ಬಿಡಬೇಕು. ಐವತ್ತು ವರ್ಷ ಕಾದ ಕಾರು ಇನ್ನೊಂದು ವಾರ ಕಾಯುವುದು. ನಾಲ್ಕು ವರ್ಷದ ಮಗುವು ಕಾಯುವುದಿಲ್ಲ.

ಕೊನೆಯದಾಗಿ ಆ ಸೊಸೆಗೂ ಒಂದು ಮಾತು. ಬ್ರೇಕಿನ ಕೊಳವೆಗಳಲ್ಲಿ ಸೇರಿಕೊಂಡ ಗಾಳಿಯನ್ನು ಹೊರಕ್ಕೆ ತೆಗೆಯುವುದೊಂದು ಕೆಲಸವುಂಟು. ಎಂದಿನ ಕ್ರಮದಲ್ಲಿ ಅದಕ್ಕೆ ಇಬ್ಬರು ಬೇಕು: ಒಬ್ಬರು ಆಸನದಲ್ಲಿ ಕುಳಿತು ಪೆಡಲನ್ನು ತುಳಿದು ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿ ಕುಳಿತು ಮೊಳೆಯನ್ನು ಸಡಿಲಿಸಿ ಬಿಗಿಯಬೇಕು. ಒಬ್ಬರ ಮಾತನ್ನು ಕೇಳಿಕೊಂಡೇ ಇನ್ನೊಬ್ಬರು ಮಾಡಬೇಕಾದ ಕೆಲಸವದು. ಆ ದಿನ ಗಂಡನು ಕರೆದರೆ, ಬೇಸರವನ್ನು ಬದಿಗಿಟ್ಟು ಹೋಗಿ ಕುಳಿತುಕೊಳ್ಳಲಿ. ಆ ಬ್ರೇಕು ಹಿಡಿಯುವುದೋ ಇಲ್ಲವೋ ಎಂಬುದನ್ನು ಆಕೆಯ ಪಾದವೇ ಮೊದಲು ತಿಳಿಯುವುದು. ತಿಳಿದು ಆಕೆಯು ಸೈ ಎಂದ ಮೇಲೆಯೇ ಕಾರು ಗ್ಯಾರೇಜಿನ ಹೊಸ್ತಿಲನ್ನು ದಾಟಲಿ.