ಮತ್ತೆ ಮತ್ತೆ ಅರ್ಜಿ ಏಕೆ?



ಅರ್ಜಿ ಕೊಟ್ಟ ಒಂದು ತಿಂಗಳೊಳಗೆ ವಿಕಲಚೇತನರಿಗೆ ಪ್ರಮಾಣಪತ್ರ ಕೊಡಬೇಕೆಂದು 2017ರ ನಿಯಮ ಹೇಳಿತ್ತು. 2024ರ ತಿದ್ದುಪಡಿ ಅದನ್ನು ಮೂರು ತಿಂಗಳಿಗೆ ಹಿಗ್ಗಿಸಿತು. ಎರಡು ವರ್ಷ ದಾಟಿದರೂ ತೀರ್ಮಾನವಾಗದ ಅರ್ಜಿ ನಿಷ್ಕ್ರಿಯ. ಮತ್ತೆ ಅರ್ಜಿ ಹಾಕಬೇಕು, ಇಲ್ಲವೇ ಹಳೆಯದಕ್ಕೆ ಜೀವ ಕೊಡಿರೆಂದು ಬೇಡಬೇಕು. ಆ ಪತ್ರವಿಲ್ಲದೆ ಮಾಸಾಶನವಿಲ್ಲ, ಬಸ್ ಪಾಸೂ ಇಲ್ಲ.

ಸುಳ್ಳು ಪತ್ರಗಳನ್ನು ತಡೆಯಬೇಕು, ನಿಜ. ಆದರೆ ಕಡತ ತಡವಾಯಿತೆಂದು ಗುತ್ತಿಗೆದಾರನಿಗೆ ಸೇತುವೆಯನ್ನು ಮತ್ತೆ ಕಟ್ಟೆಂದು ನನ್ನ ಸೇವಾವಧಿಯಲ್ಲಿ ಯಾರೂ ಹೇಳಲಿಲ್ಲ. ಕಾಲಿಲ್ಲದವನಿಗೆ ಮಾತ್ರ ಮತ್ತೆ ಬಾ ಎನ್ನುವುದೇ? ತಡ ಕಚೇರಿಯದಾದರೆ ಹೊಣೆಯೂ ಕಚೇರಿಯದೇ ಆಗಲಿ. ಬದಲಾಗದ ವೈಕಲ್ಯಕ್ಕೆ ಕಾಯಂ ಪ್ರಮಾಣಪತ್ರ ಕೊಡಲು ನಿಯಮದಲ್ಲೇ ಅವಕಾಶವಿದೆ; ಅದನ್ನು ಕೇಳಿ ಪಡೆಯೋಣ. ಓದುಬರಹ ಬಲ್ಲ ನಾವು ಇಂಥವರ ಅರ್ಜಿ ತುಂಬಿಕೊಡೋಣ. ಅದೂ ದಾಸೋಹವೇ.