ಎಷ್ಟು ಕೆ.ಜಿ. ಅಲ್ಲ, ಎಷ್ಟು ಬಾಲ್?

ಈ ವಾರ ಅತಿಥಿಗಳು ಯಾರೂ ಇಲ್ಲ, ನಾನೊಬ್ಬನೇ. ವಿಷಯ ನಮ್ಮ ಮನೆಯದೇ. ಸ್ವಲ್ಪ ಖಾರವಾಗಿ ಮಾತಾಡಿದರೆ ಹೊಟ್ಟೆಗೆ ಹಾಕ್ಕೊಳ್ಳಿ.

ನನ್ನ ಮಗನಿಗೆ 15 ವರ್ಷ. ಇಲ್ಲಿ ಮೆಲ್ಬರ್ನ್‌ನಲ್ಲಿ ಕ್ರಿಕೆಟ್ ಆಡ್ತಾನೆ, ಬಲಗೈ ಫಾಸ್ಟ್ ಬೌಲರ್. ಹೋದ ಸೀಸನ್ ಮಧ್ಯದಲ್ಲಿ ಸೊಂಟದ ಎಡಗಡೆ ನೋವು ಅಂದ. ಸ್ಕ್ಯಾನ್ ಮಾಡಿಸಿದರೆ ಬೆನ್ನುಮೂಳೆಯ ಕೆಳಭಾಗದಲ್ಲಿ ಸ್ಟ್ರೆಸ್ ಫ್ರಾಕ್ಚರ್. ಫಿಸಿಯೋ ಕೇಳಿದ ಮೊದಲ ಪ್ರಶ್ನೆ: "ಕಳೆದ ಒಂದು ತಿಂಗಳಲ್ಲಿ ಎಷ್ಟು ಬಾಲ್ ಹಾಕಿದ್ದಾನೆ?" ನನ್ನ ಹತ್ರ ಉತ್ತರ ಇರಲಿಲ್ಲ. ಡೆಡ್‌ಲಿಫ್ಟ್ ಎಷ್ಟು ಕೆ.ಜಿ. ಅಂತ ಕೇಳಿದ್ದರೆ ಥಟ್ ಅಂತ ಹೇಳ್ತಿದ್ದೆ.

ಆಮೇಲೆ ಕೂತು ಲೆಕ್ಕ ಹಾಕಿದೆವು. ಕ್ಲಬ್‌ನವರಿಗೆ ಅವರ ಪ್ರಾಕ್ಟೀಸ್ ಗೊತ್ತು, ಶಾಲೆಯವರಿಗೆ ಅವರ ಮ್ಯಾಚ್ ಗೊತ್ತು, ಜಿಮ್‌ನವರಿಗೆ ಅವರು ಕೊಟ್ಟ ಶೀಟ್ ಗೊತ್ತು. ಮೂರನ್ನೂ ಕೂಡಿಸಿದವರು ಯಾರೂ ಇಲ್ಲ, ಅಪ್ಪನಾದ ನಾನೂ ಸೇರಿ. ಆ ಶೀಟ್ ಇತ್ತಲ್ಲ, ಅದು ವಿಕೆಟ್ ಕೀಪರ್‌ಗೂ ಅದೇ, ಸ್ಪಿನ್ನರ್‌ಗೂ ಅದೇ, ಇವನಿಗೂ ಅದೇ. ತೂಕ ಎತ್ತಿದ್ದರಿಂದಲೇ ಮೂಳೆ ಬಿರುಕು ಬಿಟ್ಟಿತು ಅಂತ ನಾನು ಹೇಳ್ತಿಲ್ಲ. ಹೇಳೋದು ಇಷ್ಟೇ: ಪ್ರೋಗ್ರಾಂ ಅಂದರೆ ವ್ಯಾಯಾಮಗಳ ಪಟ್ಟಿ ಅಲ್ಲ. ಆ ವಾರ ದೇಹದ ಮೇಲೆ ಬಿದ್ದ ಒಟ್ಟು ಭಾರದ ಲೆಕ್ಕ ಅದು.

ಇದರ ಹಿಂದಿನ ವಿಜ್ಞಾನ ಹಳೆಯದು. ಎರಡನೇ ಮಹಾಯುದ್ಧದ ಕಾಲದಲ್ಲಿ ಶಿಕಾಗೋದ ಸೇನಾ ಆಸ್ಪತ್ರೆಯಲ್ಲಿ ಥಾಮಸ್ ಡಿಲೋರ್ಮ್ ಎಂಬ ವೈದ್ಯ, ಗಾಯಗೊಂಡ ಸೈನಿಕರಿಂದ ತೂಕ ಎತ್ತಿಸಿದರು. ಅವರ ಲೇಖನ ಬಂದದ್ದು 1945ರಲ್ಲಿ. ಆಮೇಲೆ ವಾಟ್ಕಿನ್ಸ್ ಜೊತೆ ಸೇರಿ ಸರಳ ಕ್ರಮವೊಂದನ್ನು ಕೊಟ್ಟರು. ಒಬ್ಬ ವ್ಯಕ್ತಿ 10 ಸಲ ಮಾತ್ರ ಎತ್ತಬಲ್ಲ ತೂಕ ಯಾವುದು ಅಂತ ಮೊದಲು ಕಂಡುಕೊಳ್ಳಬೇಕು. ಮೊದಲ ಸೆಟ್ ಅದರ ಅರ್ಧ, ಎರಡನೆಯದು ಮುಕ್ಕಾಲು, ಮೂರನೆಯದು ಪೂರ್ತಿ. ಇವತ್ತಿಗೂ ಜಿಮ್‌ಗಳಲ್ಲಿ "ಮೂರು ಸೆಟ್, ಹತ್ತು ರೆಪ್" ಅಂತಾರಲ್ಲ, ಅದರ ಬೇರು ಇಲ್ಲಿದೆ. ನಾವು ಸಂಖ್ಯೆ ಉಳಿಸಿಕೊಂಡೆವು, ಡಿಲೋರ್ಮ್ ಮಾಡಿದ ಮೊದಲ ಕೆಲಸ ಮರೆತೆವು. ಅವರು ಶುರು ಮಾಡಿದ್ದು ಎದುರಿಗಿದ್ದ ಮನುಷ್ಯನಿಂದ, ಶೀಟ್‌ನಿಂದ ಅಲ್ಲ.

ಫಾಸ್ಟ್ ಬೌಲರ್ ವಿಷಯಕ್ಕೆ ಬನ್ನಿ. ಮುಂಗಾಲು ನೆಲಕ್ಕೆ ಬಡಿದಾಗ ಬರುವ ಬಲ ದೇಹದ ತೂಕದ 5 ಪಟ್ಟು ದಾಟಬಹುದು. ಅದೇ ಕ್ಷಣದಲ್ಲಿ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಂಡಿರುತ್ತೆ. ಪೆಟ್ಟು ಹೆಚ್ಚಾಗಿ ಬೀಳೋದು ಬೌಲಿಂಗ್ ಕೈಯ ಎದುರು ಬದಿಗೆ. ಸ್ನಾಯುವಿನ ಶಕ್ತಿ ಕೆಲವೇ ವಾರಗಳಲ್ಲಿ ಏರುತ್ತೆ, ಮೂಳೆ ಹೊಂದಿಕೊಳ್ಳೋಕೆ ತಿಂಗಳುಗಳು ಬೇಕು. ಅಂದರೆ ಹುಡುಗ ಜೋರಾಗಿ ಬಾಲ್ ಹಾಕೋಕೆ ಶುರು ಮಾಡ್ತಾನೆ, ಮೂಳೆ ಇನ್ನೂ ತಯಾರಾಗಿರಲ್ಲ.

ಪ್ಯಾಟ್ ಕಮಿನ್ಸ್ ನೆನಪಿಸಿಕೊಳ್ಳಿ. 2011ರಲ್ಲಿ, 18ನೇ ವಯಸ್ಸಲ್ಲಿ, ಜೊಹಾನ್ಸ್‌ಬರ್ಗ್‌ನಲ್ಲಿ ಮೊದಲ ಟೆಸ್ಟ್, ಪಂದ್ಯಶ್ರೇಷ್ಠ ಪ್ರಶಸ್ತಿ. ಎರಡನೇ ಟೆಸ್ಟ್ ಆಡಿದ್ದು 2017ರಲ್ಲಿ, ರಾಂಚಿಯಲ್ಲಿ. ನಡುವಿನ ಐದು ವರ್ಷಕ್ಕೂ ಹೆಚ್ಚು ಕಾಲದಲ್ಲಿ ಬೆನ್ನಿನ ಸ್ಟ್ರೆಸ್ ಫ್ರಾಕ್ಚರ್‌ಗಳೇ ಅವರನ್ನು ಕಾಡಿದವು. ಅಂಥ ವ್ಯವಸ್ಥೆಯೊಳಗೆ ಇದ್ದವರ ಪಾಡೇ ಹೀಗಾದರೆ, ವೀಡಿಯೋ ನೋಡಿ ಕಲಿಯೋ ನಮ್ಮ ಹುಡುಗರ ಗತಿ ಏನು?

ಹಾಗಂತ ತೂಕ ಎತ್ತೋದೇ ಬೇಡ್ವಾ? ಊರಿಂದ ಫೋನ್‌ನಲ್ಲಿ ನಮ್ಮಮ್ಮ ಅಂದಿದ್ದು ಇದೇ: "ಭಾರ ಎತ್ತಿದ್ರೆ ಮಗು ಬೆಳೆಯಲ್ಲ ಕಣೋ, ಬಿಡಿಸಿಬಿಡು." ಇದು ತಪ್ಪು ತಿಳಿವಳಿಕೆ. ಮಕ್ಕಳ ಸ್ಟ್ರೆಂತ್ ಟ್ರೈನಿಂಗ್ ಬಗ್ಗೆ 2014ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಮ್ಮತದ ಹೇಳಿಕೆ ಕೊಟ್ಟರು: ಬಲ್ಲವರ ಉಸ್ತುವಾರಿಯಲ್ಲಿ, ಸರಿಯಾದ ಕ್ರಮದಲ್ಲಿ ಮಾಡಿದರೆ ಅದು ಸುರಕ್ಷಿತ, ಲಾಭವೂ ಇದೆ. ಅದೇ ವರ್ಷ 25 ಪ್ರಯೋಗಗಳನ್ನು, 26,610 ಜನರ ಮಾಹಿತಿಯನ್ನು ಒಟ್ಟಿಗೆ ನೋಡಿದ ವಿಶ್ಲೇಷಣೆಯಲ್ಲಿ, ಸ್ಟ್ರೆಂತ್ ಟ್ರೈನಿಂಗ್ ಮಾಡಿದವರಲ್ಲಿ ಕ್ರೀಡಾ ಗಾಯಗಳು ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿದಿದ್ದವು. ಬಿಡಿಸೋದು ಪರಿಹಾರ ಅಲ್ಲ. ಅಳತೆ ಮಾಡಿ ಕೊಡೋದು ಪರಿಹಾರ.

ಈಗ ನಮ್ಮ ಮನೆಯ ಫ್ರಿಜ್ ಮೇಲೆ ಒಂದು ಹಾಳೆ ಇದೆ. ಮೊದಲ ಸಾಲಲ್ಲಿ ಬಾಲ್‌ಗಳ ಸಂಖ್ಯೆ, ಎಲ್ಲ ಕಡೆಯದೂ ಕೂಡಿಸಿ. ಆಮೇಲೆ ಜಿಮ್. ಬೌಲಿಂಗ್ ಕಡಿಮೆ ಇರೋ ಚಳಿಗಾಲದಲ್ಲಿ ವಾರಕ್ಕೆ ಎರಡು ಮೂರು ದಿನ: ಸ್ಕ್ವಾಟ್, ಡೆಡ್‌ಲಿಫ್ಟ್, ಒಂಟಿಕಾಲಿನ ವ್ಯಾಯಾಮ, ತಳ್ಳೋದು, ಎಳೆಯೋದು, ಸೊಂಟ ತಿರುಚದಂತೆ ತಡೆಹಿಡಿಯೋದು. ಇನ್ನೂ ಎರಡು ಸಲ ಎತ್ತಬಹುದು ಅನ್ನಿಸುವಾಗಲೇ ನಿಲ್ಲಿಸಬೇಕು. ಒಂದು ಸಲಕ್ಕೆ ಒಂದನ್ನೇ ಏರಿಸಬೇಕು: ತೂಕ ಅಥವಾ ಸೆಟ್, ಎರಡೂ ಅಲ್ಲ. ಸೀಸನ್ ಶುರುವಾದ ಮೇಲೆ ಸೆಟ್ ಇಳಿಸಿ, ತೂಕ ಹಾಗೇ ಇಟ್ಟು ವಾರಕ್ಕೊಂದೇ ದಿನ ಮಾಡಿದರೂ ಗಳಿಸಿದ ಶಕ್ತಿ ಬಹುಮಟ್ಟಿಗೆ ಉಳಿಯುತ್ತೆ. ಮ್ಯಾಚ್ ಹಿಂದಿನ ದಿನ ಭಾರದ ಕೆಲಸ ಇಲ್ಲ. ಇದು ಫಿಸಿಯೋ ಮತ್ತು ಕೋಚ್ ಸೇರಿ ನನ್ನ ಮಗನಿಗೆ ಮಾಡಿದ್ದು. ದಯವಿಟ್ಟು ನಿಮ್ಮ ಮಗನಿಗೆ ಇದನ್ನೇ ಕಾಪಿ ಮಾಡಬೇಡಿ, ಇಷ್ಟು ಹೊತ್ತು ನಾನು ಹೇಳಿದ್ದೇ ಅದು!

ಮೈಸೂರಿನ ಗರಡಿಮನೆಗಳಲ್ಲಿ ಒಳ್ಳೆ ಉಸ್ತಾದ್ ಆದವರು ಹೊಸ ಹುಡುಗನ ಮೈಕಟ್ಟು ನೋಡಿ, ಎಷ್ಟು ದಂಡ, ಎಷ್ಟು ಬಸ್ಕಿ ಅಂತ ಹೇಳ್ತಿದ್ದರು. ಅವರ ಹತ್ರ ಆ್ಯಪ್ ಇರಲಿಲ್ಲ, ಕಣ್ಣಿತ್ತು. ಆ ಕಣ್ಣು ನಮಗೂ ಬೇಕು.

ಹಾಗಾಗಿ ಡಲ್ಲಾಸ್‌ನಲ್ಲಿರಲಿ, ದುಬೈನಲ್ಲಿರಲಿ, ಬೆಂಗಳೂರಲ್ಲಿರಲಿ, ಮಕ್ಕಳನ್ನು ಆಟಕ್ಕೆ ಕಳಿಸೋ ಅಪ್ಪ-ಅಮ್ಮಂದಿರಿಗೆ ನನ್ನ ವಿನಂತಿ ಒಂದೇ. ಈ ಶನಿವಾರ ಮೈದಾನದ ಅಂಚಲ್ಲಿ ಕೂತಾಗ ರನ್ ಜೊತೆ ಬಾಲ್ ಕೂಡ ಎಣಿಸಿ. ಎಣಿಸಿದ್ದನ್ನು ಕೋಚ್‌ಗೆ ತೋರಿಸಿ. ನನ್ನ ಮಗ ಇನ್ನೂ ಓಡಿ ಬಂದು ಬಾಲ್ ಹಾಕೋಕೆ ಶುರು ಮಾಡಿಲ್ಲ. ಶುರು ಮಾಡೋ ದಿನ ನಾನು ಒಂದರಿಂದ ಎಣಿಸ್ತೀನಿ.

ಮುಂದಿನ ವಾರ ಸಿಗೋಣ. ನಮಸ್ಕಾರ.